ತ್ರಿಶೂಲಿಯನ್ನ ನಾನು ಗೆದ್ದಿಲ್ಲ

1/8

ಮೊದಲನೇ ಫೋಟೊ ನೋಡಿ. ಕಳೆದ ನವೆಂಬರ್‌ನಲ್ಲಿ ರೀಲ್ ಹಾಕಿದ್ದೆನಲ್ಲ, ಹಳದಿ ಕಯಾಕ್, ಸುತ್ತ ನೊರೆ ನೀರು, ನನ್ನ ಬಾಯಲ್ಲಿ ಮೂವತ್ತೆರಡೂ ಹಲ್ಲು. ಅದೇ ಫ್ರೇಮ್. ಈ ಸಲ ಕ್ರಾಪ್ ಮಾಡಿಲ್ಲ, ಅಷ್ಟೇ. ಎಡಗಡೆ ಮೂಲೆಯಲ್ಲಿ ಒಂದು ಕೆಂಪು ದೋಣಿ ಕಾಣ್ತಿದೆಯಾ? ಅದರಲ್ಲಿ ಕೂತಿರೋ ಹುಡುಗ ನನ್ನನ್ನೇ ನೋಡ್ತಿದ್ದಾನೆ. ಅವನನ್ನ ನಾನು ಬೇಕಂತಲೇ ಕತ್ತರಿಸಿ ತೆಗೆದಿದ್ದೆ. ಕ್ಯಾಪ್ಷನ್ ನೆನಪಿದೆಯಾ? ‘ತ್ರಿಶೂಲಿಯನ್ನ ಗೆದ್ದಾಯ್ತು.’

ಸುಳ್ಳು. ಚಿಕ್ಕಪ್ಪನ ಮಗ ದಡದಲ್ಲಿ ನಿಂತು ತೆಗೆದ ವಿಡಿಯೊ ಒಂದೂವರೆ ನಿಮಿಷ ಇದೆ. ನಾನು ಹಾಕಿದ್ದು ಮೊದಲ 14 ಸೆಕೆಂಡ್. ಹದಿನೈದನೇ ಸೆಕೆಂಡಿಗೆ ನನ್ನ ದೋಣಿ ಮಗುಚಿತ್ತು.

ಇದನ್ನ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಕ್ಲಾಸ್ ಗ್ರೂಪಿನ ಪೋಲ್‌ನಲ್ಲಿ ಹನ್ನೊಂದು ಜನ ‘ನೇಪಾಳ, ಜುಲೈ ಕೊನೇ ವಾರ, ಕಯಾಕಿಂಗ್’ ಅಂತ ಒತ್ತಿದ್ದೀರಿ. ‘ನಿನ್ನ ರೀಲ್ ನೋಡೇ ಡಿಸೈಡ್ ಮಾಡಿದ್ವಿ’ ಅಂತ ಬೇರೆ ಬರೆದಿದ್ದೀರಿ. ಶನಿವಾರ ಅಡ್ವಾನ್ಸ್ ಕಟ್ಟಬೇಕಂತೆ. ಹನ್ನೊಂದರಲ್ಲಿ ಕಡೇಪಕ್ಷ ನಾಲ್ಕು ಜನಕ್ಕೆ ಈಜು ಬರಲ್ಲ ಅಂತ ನನಗೆ ಗೊತ್ತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಎಂಟೂ ಭಾಗ ಓದಿ, ಆಮೇಲೆ ಬೈಯಿರಿ.

2/8

ಹದಿನೈದನೇ ಸೆಕೆಂಡಿನ ನಂತರ ಏನಾಯ್ತು?

ಹೊಳೆಯಲ್ಲಿ ದೊಡ್ಡ ಬಂಡೆ ಇದ್ದರೆ ಅದರ ಹಿಂದೆ ನೀರು ತಿರುಗಿ ವಾಪಸ್ ಮೇಲಕ್ಕೆ ಹರಿಯತ್ತೆ. ಆ ಜಾಗಕ್ಕೆ ಎಡ್ಡಿ ಅಂತಾರೆ. ಕೆಳಗೆ ಓಡೋ ನೀರು, ಮೇಲೆ ಬರೋ ನೀರು ಎರಡೂ ಸೇರೋ ಗೆರೆ ದಾಟುವಾಗ ದೋಣಿಯನ್ನ ತಿರುವಿನ ಒಳಬದಿಗೆ ವಾಲಿಸಬೇಕು. ಸೈಕಲ್ ತಿರುಗಿಸೋವಾಗ ವಾಲ್ತೀವಲ್ಲ, ಹಾಗೆ. ಎರಡು ದಿನ ಅದನ್ನೇ ಹೇಳಿಕೊಟ್ಟಿದ್ದರು. ಮೂರನೇ ದಿನ ಕ್ಯಾಮೆರಾ ಕಡೆ ನೋಡೋ ಆಸೆಗೆ ನಾನು ಉಲ್ಟಾ ವಾಲಿದೆ. ಅಷ್ಟೇ ಸಾಕಾಯ್ತು.

ತಲೆ ಕೆಳಗೆ, ಕಾಲು ದೋಣಿಯೊಳಗೆ. ಸೊಂಟದ ಸುತ್ತ ಬಿಗಿದ ಸ್ಪ್ರೇ ಸ್ಕರ್ಟ್. ನೀರು ಒಳಗೆ ಬರಬಾರದು ಅಂತ ಹಾಕೋದು ಅದು. ಮಗುಚಿದಾಗ ನಾವೂ ಹೊರಗೆ ಬರಬೇಕಾದರೆ ಮುಂದಕ್ಕೆ ಬಾಗಿ ಅದರ ಪಟ್ಟಿ ಹಿಡಿದು ಎಳೀಬೇಕು. ನಿಂತ ನೀರಲ್ಲಿ ಹತ್ತು ಸಲ ಎಳೆದಿದ್ದೆ. ಹರಿಯೋ ನೀರಲ್ಲಿ ಕೈಗೆ ಪಟ್ಟಿ ಸಿಗಲೇ ಇಲ್ಲ. ಮೂಗು, ಕಿವಿ, ಬಾಯಿ ಎಲ್ಲಾ ಕಡೆಯಿಂದ ಐಸ್‌ನಂಥ ನೀರು. ವಿಡಿಯೊದಲ್ಲಿ ಎಣಿಸಿದರೆ ಬರೀ ಆರು ಸೆಕೆಂಡ್. ಆ ಆರು ಸೆಕೆಂಡ್ ಎಷ್ಟು ಉದ್ದ ಅಂತ ಹೇಳೋಕೆ ನನ್ನ ಹತ್ರ ಲೆಕ್ಕ ಇಲ್ಲ.

ಹೇಗೋ ಹೊರಗೆ ಬಂದೆ. ಬಂದ ತಕ್ಷಣ ಎದ್ದು ನಿಲ್ಲೋಕೆ ಹೋದೆ. ಆ ಕೆಂಪು ದೋಣಿಯ ಹುಡುಗ ‘ನಿಲ್ಲಬೇಡ, ಕಾಲು ಮೇಲೆ’ ಅಂತ ಹಿಂದಿಯಲ್ಲಿ ಕಿರುಚಿದ. ಓಡೋ ನೀರಲ್ಲಿ ನಿಂತರೆ ಪಾದ ಕಲ್ಲುಗಳ ಸಂದಿಗೆ ಸಿಕ್ಕಿಕೊಳ್ಳತ್ತೆ, ಮೇಲಿನ ನೀರು ಮೈಯನ್ನ ಮುಂದಕ್ಕೆ ಮಡಚಿ ಹಾಕತ್ತೆ. ಸೊಂಟದಷ್ಟು ನೀರಲ್ಲೂ ಜನ ಸಾಯೋದು ಹಾಗೇ. ಅವನು ಬಂದ, ಅವನ ದೋಣಿಯ ಹಿಂಬದಿಯ ಹಿಡಿ ಹಿಡ್ಕೊಂಡೆ, ದಡಕ್ಕೆ ಎಳೆದು ಬಿಟ್ಟ. ಬಿಟ್ಟವನೇ ನನ್ನ ಹುಟ್ಟು, ನನ್ನ ದೋಣಿ ತರೋಕೆ ಕೆಳಗೆ ಹೋದ. ನಾನು ಮರಳ ಮೇಲೆ ವಾಂತಿ ಮಾಡ್ತಿದ್ದೆ.

ಅವನಿಗೆ ನಮ್ಮಷ್ಟೇ ವಯಸ್ಸು. ಕೇಳದೆ ಹೆಸರು ಹಾಕೋದು ಸರಿಯಲ್ಲ, ಹಾಗಾಗಿ ಹಾಕ್ತಿಲ್ಲ. ನನ್ನ ‘ಗೆದ್ದಾಯ್ತು’ ರೀಲ್‌ಗೆ ಬಿದ್ದ ಮೊದಲ ಲೈಕ್‌ಗಳಲ್ಲಿ ಒಂದು ಅವನದು.

3/8

‘ನಾವು ದಾಂಡೇಲಿ ಮಾಡಿದ್ದೀವಿ, ಇದೇನು ಮಹಾ?’ ಗ್ರೂಪಲ್ಲಿ ಅತಿ ಹೆಚ್ಚು ಹಾರ್ಟ್ ಬಿದ್ದ ಮಾತು ಇದು.

ನಾನೂ ಹಾಗೇ ಅಂದ್ಕೊಂಡು ಹೋದವಳು. ದಾಂಡೇಲಿಯಲ್ಲಿ ನಾವು ಮಾಡಿದ್ದು ರಾಫ್ಟಿಂಗ್. ಗಾಳಿ ತುಂಬಿದ ಅಗಲದ ರಾಫ್ಟ್, ಏಳೆಂಟು ಜನ, ಹಿಂದೆ ಕೂತು ದಾರಿ ತೋರಿಸೋ ಗೈಡ್. ಅಲ್ಲಿ ಕಾಳಿ ನದಿಯಲ್ಲಿ ಎಷ್ಟು ನೀರಿರತ್ತೆ ಅನ್ನೋದೂ ಮೇಲಿನ ಸೂಪಾ ಅಣೆಕಟ್ಟೆಯಿಂದ ಎಷ್ಟು ಬಿಡ್ತಾರೆ ಅನ್ನೋದರ ಮೇಲಿದೆ. ನಾವು ‘ಫಾರ್ವರ್ಡ್’ ಅಂದಾಗ ಹುಟ್ಟು ಹಾಕಿದ್ವಿ, ‘ಸ್ಟಾಪ್’ ಅಂದಾಗ ನಿಲ್ಲಿಸಿದ್ವಿ. ನಿರ್ಧಾರ ಎಲ್ಲಾ ಗೈಡ್‌ದು. ಅದು ಬಸ್ಸಲ್ಲಿ ಸೀಟು ಹಿಡಿದ ಹಾಗೆ.

ಕಯಾಕ್ ಅಂದ್ರೆ ಸ್ಟೇರಿಂಗ್ ನಿಮ್ಮ ಕೈಗೆ. ದೋಣಿಯಲ್ಲಿ ನೀವೊಬ್ಬರೇ, ಸೊಂಟದಿಂದ ಕೆಳಗೆ ಅದರೊಳಗೆ. ಆರ್ಕ್ಟಿಕ್ ಕಡೆಯ ಇನ್ಯೂಟ್ ಜನ ಸೀಲ್ ಬೇಟೆಗೆ ಮಾಡಿಕೊಂಡ ದೋಣಿ ಇದು, ಹೆಸರೂ ಅವರದೇ. ಹೆಪ್ಪುಗಟ್ಟೋ ಸಮುದ್ರದಲ್ಲಿ ಮಗುಚಿ ಹೊರಗೆ ಬಿದ್ದರೆ ಕಥೆ ಮುಗೀತು. ಅದಕ್ಕೇ ಅವರು ದೋಣಿಯೊಳಗೇ ಕೂತು ಸೊಂಟ ತಿರುಗಿಸಿ ಮತ್ತೆ ಮೇಲೆ ಬರೋ ವಿದ್ಯೆ ಕಲಿತರು. ಅದನ್ನೇ ಇವತ್ತು ರೋಲ್ ಅಂತಾರೆ. ಅವರಿಗದು ಸ್ಟಂಟ್ ಆಗಿರಲಿಲ್ಲ, ಮನೆಗೆ ವಾಪಸ್ ಬರೋ ದಾರಿಯಾಗಿತ್ತು.

ನಾಲ್ಕು ದಿನದ ಕ್ಲಾಸ್ ಮುಗಿದರೂ ನನಗೆ ರೋಲ್ ಬರಲಿಲ್ಲ. ನೀವು ಬುಕ್ ಮಾಡ್ತಿರೋ ಪ್ಯಾಕೇಜ್‌ನಲ್ಲಿ ಕಯಾಕಿಂಗ್ ಎಷ್ಟು ಹೊತ್ತು? ಮೂರು ಗಂಟೆ. ಅದರಲ್ಲಿ ‘ಫೋಟೊ, ವಿಡಿಯೊ ಫ್ರೀ’.

4/8

ಈಗ ಜುಲೈ ವಿಷಯ. ‘ಆಫ್ ಸೀಸನ್ ಕಣೇ, ಸಕತ್ ಡಿಸ್ಕೌಂಟ್.’

ಬಿಕಾಂ ಓದ್ತಿದ್ದೀವಿ, ಸ್ವಲ್ಪ ಯೋಚನೆ ಮಾಡೋಣ. ಬೆಲೆ ಬಿದ್ದಿದೆ ಅಂದ್ರೆ ಬೇಡಿಕೆ ಬಿದ್ದಿದೆ. ಯಾರ ಬೇಡಿಕೆ? ಹೊಳೆ ಗೊತ್ತಿರೋರದ್ದು. ನೇಪಾಳದಲ್ಲಿ ಹೊಸಬರು ಹೊಳೆಗಿಳಿಯೋ ಕಾಲ ಅಕ್ಟೋಬರ್–ನವೆಂಬರ್, ಮತ್ತೆ ಮಾರ್ಚ್‌ನಿಂದ ಮೇ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ.

ಹೊಳೆಯ ರಭಸಕ್ಕೆ 1ರಿಂದ 6ರವರೆಗೆ ದರ್ಜೆ ಕೊಡ್ತಾರೆ. 1 ಅಂದ್ರೆ ಸಣ್ಣ ಅಲೆ, 6 ಅಂದ್ರೆ ನುರಿತವರೂ ಹೆಚ್ಚಾಗಿ ಬೇಡ ಅನ್ನೋದು. ನವೆಂಬರ್‌ನಲ್ಲಿ ನಾನು ಇಳಿದ ಭಾಗ 2, 3ರ ಲೆಕ್ಕದ್ದು. ನಿಮ್ಮ ಏಜೆಂಟ್ ಕಳಿಸಿರೋ ಪಿಡಿಎಫ್‌ನಲ್ಲೂ ‘ಕ್ಲಾಸ್ 3, ಬಿಗಿನರ್ ಫ್ರೆಂಡ್ಲಿ’ ಅಂತಲೇ ಇದೆ. ಆದರೆ ಆ ನಂಬರ್ ಬಂಡೆ ಮೇಲೆ ಕೆತ್ತಿಟ್ಟಿಲ್ಲ. ನೀರು ಏರಿದರೆ ದರ್ಜೆನೂ ಬದಲಾಗತ್ತೆ. ನವೆಂಬರ್‌ನ 3, ಜುಲೈಯಲ್ಲಿ 3 ಆಗಿರಬೇಕು ಅಂತೇನಿಲ್ಲ. ಜೊತೆಗೆ ಮಳೆಗಾಲದ ಹೊಳೆ ಮರ ಹೊತ್ತು ತರತ್ತೆ. ಅಡ್ಡ ಬಿದ್ದ ಮರದ ಕೊಂಬೆಗಳ ನಡುವೆ ನೀರು ಸೋಸಿಕೊಂಡು ಹೋಗತ್ತೆ, ಮನುಷ್ಯ ಹೋಗಲ್ಲ.

ಗೋರಖ್‌ಪುರದಲ್ಲಿ ರೈಲು ಇಳಿದು, ಸೊನೌಲಿ ಗಡಿ ದಾಟಿ, ನಾರಾಯಣಘಾಟ್‌ನಿಂದ ಮುಗ್ಲಿಂಗ್ ಕಡೆ ಬಸ್ಸಲ್ಲಿ ಹೋದ್ವಿ ನಾವು. ರಸ್ತೆ ಹೊಳೆ ಪಕ್ಕದಲ್ಲೇ ಇದೆ. 2024ರ ಜುಲೈ 12ರ ನಸುಕಿನಲ್ಲಿ ಇದೇ ರಸ್ತೆಯ ಸಿಮಲ್ತಾಲ್ ಹತ್ತಿರ ಗುಡ್ಡ ಕುಸಿದು ಎರಡು ಬಸ್ಸುಗಳನ್ನ ತ್ರಿಶೂಲಿಗೆ ತಳ್ಳಿತು. ಒಳಗೆ 60ಕ್ಕೂ ಹೆಚ್ಚು ಜನ. ಬದುಕಿದವರು ಬೆರಳೆಣಿಕೆ. ವಾರಗಟ್ಟಲೆ ಹುಡುಕಿದರೂ ಬಸ್ಸುಗಳು ಪತ್ತೆಯಾಗಲಿಲ್ಲ. ಬಸ್ಸು ಕಣ್ರೋ, ಇಡೀ ಬಸ್ಸು. 2025ರ ಜುಲೈ 8ರಂದು ಇದೇ ಹೊಳೆಯ ಮೇಲ್ಭಾಗದಲ್ಲಿ, ರಸುವಾಗಢಿಯಲ್ಲಿ, ನೇಪಾಳ–ಚೀನಾ ನಡುವಿನ ಸೇತುವೆಯೇ ಪ್ರವಾಹಕ್ಕೆ ಕೊಚ್ಚಿಹೋಯ್ತು.

ಎರಡೂ ಜುಲೈ. ಅದೇ ಜುಲೈಗೆ ನಮಗೆ ಡಿಸ್ಕೌಂಟ್ ಸಿಕ್ಕಿದೆ ಅಂತ ಖುಷಿ.

5/8

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಈ ಮೆಸೇಜಿಗೆ: ‘ಸೇಫ್ಟಿ ಕಯಾಕರ್ ಒಬ್ಬ ಸಾಕು ಅಂದ್ರೆ ತಲೆಗೆ ಸಾವಿರ ಕಮ್ಮಿ ಮಾಡ್ತಾರಂತೆ. ಸುಮ್ನೆ ಕೂತಿರೋಕೆ ಮೂರು ಜನ ಯಾಕೆ?’

ಸುಮ್ನೆ ಕೂತಿರೋಕೆ! ಕಾಸ್ಟ್ ಅಕೌಂಟಿಂಗ್‌ನಲ್ಲಿ ಐಡಲ್ ಟೈಮ್ ಅಂತ ಓದಿದ್ವಲ್ಲ, ಕೆಲಸ ಮಾಡದ ಹೊತ್ತಿಗೂ ಕೊಡೋ ಕೂಲಿ. ಕಾಗದದ ಮೇಲೆ ಆ ಕೆಂಪು ದೋಣಿಯ ಹುಡುಗ ಅದೇ ಥರ ಕಾಣ್ತಾನೆ. ನಾನು ಮಗುಚದೇ ಇದ್ದಿದ್ದರೆ ಅವತ್ತಿಡೀ ಅವನು ಮಾಡಿದ ಕೆಲಸ ಸೊನ್ನೆ ಅಂತ ನಾನೂ ಹೇಳ್ತಿದ್ದೆ. ಅವನ ಕೆಲಸವೇ ಕಾಯೋದು. ಹನ್ನೊಂದು ಹೊಸಬರಿಗೆ ಒಬ್ಬ ಅಂದ್ರೆ, ಇಬ್ಬರು ಒಟ್ಟಿಗೆ ಮಗುಚಿದಾಗ ಯಾರ ಹತ್ರ ಹೋಗಬೇಕು ಅಂತ ಅವನು ಆರಿಸಬೇಕು. ಆ ಆಯ್ಕೆಯನ್ನ ನಮ್ಮ ವಯಸ್ಸಿನ ಒಬ್ಬನ ತಲೆ ಮೇಲೆ ಹಾಕಿ ನಾವು ಉಳಿಸೋದು ಸಾವಿರ ರೂಪಾಯಿ.

ಭಾರತದ ನೂರಕ್ಕೆ ನೇಪಾಳದ ನೂರರವತ್ತು. ಗಡಿ ದಾಟಿದ ತಕ್ಷಣ ನಾವೆಲ್ಲ ಸ್ವಲ್ಪ ಸಾಹುಕಾರರು. ಆ ಸಾಹುಕಾರಿಕೆಯಲ್ಲಿ ಮೊದಲು ಚೌಕಾಸಿ ಮಾಡೋದು ನಮ್ಮನ್ನ ನೀರಿಂದ ಎತ್ತೋನ ಕೂಲಿಯನ್ನ.

6/8

ನಿಮ್ಮ ಉತ್ತರಗಳು ಗೊತ್ತು.

‘ಲೈಫ್ ಜಾಕೆಟ್ ಇರತ್ತಲ್ಲ.’ ಇರತ್ತೆ. ತೇಲಿಸತ್ತೆ. ಕಲ್ಲಿನ ಸಂದಿಯಿಂದ ಕಾಲು ಬಿಡಿಸಲ್ಲ, ಮರದ ಕೊಂಬೆಯಿಂದ ಬಿಡಿಸಲ್ಲ, ಗಾಬರಿ ಬಿಡಿಸಲ್ಲ.

‘ಇನ್ಶೂರೆನ್ಸ್ ಮಾಡಿಸ್ತೀವಿ.’ ಮಾಡಿಸಿ. ಆದರೆ ಎಕ್ಸ್‌ಕ್ಲೂಷನ್ಸ್ ಪುಟ ಓದಿ. ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಸಾಹಸ ಕ್ರೀಡೆ ಎಷ್ಟೋ ಸಲ ಹೊರಗೇ ಇರತ್ತೆ, ಬೇಕಾದರೆ ಬೇರೆ ಸೇರಿಸ್ಕೋಬೇಕು. ಪರೀಕ್ಷೆಗೆ ಇನ್ಶೂರೆನ್ಸ್ ಅಧ್ಯಾಯ ಬಾಯಿಪಾಠ ಮಾಡಿದ ನಾನೇ ನನ್ನ ಪಾಲಿಸಿ ಓದಿರಲಿಲ್ಲ. ಕಂಪನಿಯವರು ಕೊಟ್ಟ ‘ಏನಾದರೂ ಆದ್ರೆ ನಾವು ಜವಾಬ್ದಾರರಲ್ಲ’ ಅನ್ನೋ ಹಾಳೆಗೂ ಓದದೆ ಸಹಿ ಹಾಕಿದ್ದೆ.

‘ನಾವು ಹೋಗದಿದ್ರೆ ಅಲ್ಲಿನವರ ಹೊಟ್ಟೆಪಾಡು?’ ಒಳ್ಳೇ ಮಾತು. ಹಾಗಾದರೆ ಸೀಸನ್‌ನಲ್ಲಿ ಹೋಗಿ, ಪೂರ್ತಿ ರೇಟು ಕೊಡಿ, ಮೂರು ಜನ ಸೇಫ್ಟಿ ಹುಡುಗರಿಗೂ ಕೂಲಿ ಸಿಗಲಿ. ಉಕ್ಕೋ ಹೊಳೆಗೆ ಅರ್ಧ ರೇಟಿಗೆ ಇಳಿಸು ಅನ್ನೋದು ಯಾರ ಹೊಟ್ಟೆಪಾಡಿಗೂ ಉಪಕಾರ ಅಲ್ಲ. ನಮ್ಮ ಹಿಂದೆ ಅವರೂ ಅದೇ ನೀರಿಗೆ ಇಳೀಬೇಕು.

‘ನೀನು ಮಜಾ ಮಾಡಿ ಬಂದೆ, ಈಗ ನಮಗೆ ಬುದ್ಧಿ ಹೇಳ್ತೀಯಾ?’ ಇದಕ್ಕೆ ನನ್ನ ಹತ್ರ ಒಳ್ಳೇ ಉತ್ತರ ಇಲ್ಲ. ಹೌದು, ಮಜಾ ಮಾಡಿದೆ. ನಾಲ್ಕನೇ ದಿನ ಅದೇ ಗೆರೆಯನ್ನ ಸರಿಯಾಗಿ ವಾಲಿ ದಾಟಿದಾಗ ಆದ ಖುಷಿ ಇವತ್ತಿಗೂ ಇದೆ. ಅದನ್ನ ಕ್ಯಾಮೆರಾ ತೆಗೆದಿಲ್ಲ. ಆ ಖುಷಿ ನಿಮಗೂ ಸಿಗಲಿ ಅಂತಲೇ ಹೇಳ್ತಿದ್ದೀನಿ. ಹೋಗಬೇಡಿ ಅಂತ ನಾನು ಎಲ್ಲೂ ಹೇಳಿಲ್ಲ.

7/8

ಹೇಗೆ ಹೋಗಬೇಕು? ಇದನ್ನ ಸೇವ್ ಮಾಡಿಟ್ಕೊಳ್ಳಿ.

ಮೊದಲು ಈಜು. ಊರಿನ ಈಜುಕೊಳಕ್ಕೆ ಎರಡು ತಿಂಗಳು ಹೋಗಿ. ಮುಖ ನೀರಲ್ಲಿಟ್ಟರೆ ಗಾಬರಿ ಆಗಬಾರದು, ಅಷ್ಟಾದರೂ ಬರಲಿ.

ಟೂರ್ ಬೇಡ, ಕ್ಲಾಸ್ ತಗೊಳ್ಳಿ. ಹೊಸಬರಿಗೇ ಅಂತ ನಾಲ್ಕು ದಿನದ ಕಯಾಕ್ ಕ್ಲಿನಿಕ್ ನಡೆಸ್ತಾರೆ. ನಿಂತ ನೀರಲ್ಲಿ ಮಗುಚಿ ಹೊರಗೆ ಬರೋದರಿಂದ ಶುರು ಆಗದ ಕ್ಲಾಸ್ ಕ್ಲಾಸೇ ಅಲ್ಲ.

ದುಡ್ಡು ಕಟ್ಟೋ ಮುಂಚೆ ಇಷ್ಟು ಕೇಳಿ. ಒಬ್ಬ ಟೀಚರ್‌ಗೆ ಎಷ್ಟು ಜನ? ಸೇಫ್ಟಿ ದೋಣಿ ಎಷ್ಟು? ದಡದಿಂದ ಎಸೆಯೋ ಹಗ್ಗದ ಚೀಲ ಯಾರ ಹತ್ರ ಇರತ್ತೆ? ಹೆಲ್ಮೆಟ್ ನಮ್ಮ ತಲೆ ಅಳತೆಗೆ ಸಿಗತ್ತಾ? ಅವತ್ತು ನೀರು ಜಾಸ್ತಿ ಇದ್ದರೆ ನಿಲ್ಲಿಸ್ತೀರಾ, ನಿಲ್ಲಿಸಿದರೆ ದುಡ್ಡು ವಾಪಸ್ ಕೊಡ್ತೀರಾ? ಕೊನೇ ಪ್ರಶ್ನೆಗೆ ಬರೋ ಉತ್ತರದಲ್ಲೇ ಆ ಕಂಪನಿ ಎಂಥದ್ದು ಅಂತ ಗೊತ್ತಾಗತ್ತೆ.

ಭಯ ಆದರೆ ದೋಣಿ ಹೊತ್ತು ದಡದಲ್ಲಿ ನಡೀರಿ. ನಾಚಿಕೆ ಬೇಡ. ದೊಡ್ಡ ದೊಡ್ಡ ಕಯಾಕರ್‌ಗಳೂ ಮೊದಲು ಇಳಿದು ನೋಡ್ತಾರೆ, ಸರಿ ಕಾಣದಿದ್ದರೆ ಹೊತ್ತುಕೊಂಡು ದಾಟ್ತಾರೆ. ನಾನು ಮಗುಚಿದ ಜಾಗದಲ್ಲಿ ನಮ್ಮ ಗುಂಪಿನ ಒಬ್ಬರು ಆಂಟಿ ‘ನನಗೆ ಬೇಡಪ್ಪ’ ಅಂತ ನಡೆದೇ ದಾಟಿದರು. ಅವತ್ತು ಎಲ್ಲರಿಗಿಂತ ಹೊಳೆಯನ್ನ ಸರಿಯಾಗಿ ಓದಿದವರು ಅವರೇ. ಅವರ ರೀಲ್ ಯಾರೂ ಮಾಡಲಿಲ್ಲ.

8/8

ಕೊನೇದಾಗಿ ನಮ್ಮ ಕ್ಯಾಪ್ಷನ್‌ಗಳ ಬಗ್ಗೆ.

ಬೆಟ್ಟ ಹತ್ತಿದರೆ ‘ಗೆದ್ದೆ’, ಹೊಳೆ ದಾಟಿದರೆ ‘ಗೆದ್ದೆ’. ಹೊಳೆ ನಮ್ಮ ಜೊತೆ ಆಡೋಕೇ ಬಂದಿರಲಿಲ್ಲ. ಟಿಬೆಟ್ ಕಡೆಯಿಂದ ಬಂದು, ದೇವಘಾಟ್‌ನಲ್ಲಿ ಕಾಳಿ ಗಂಡಕಿ ಜೊತೆ ಸೇರಿ, ಬಿಹಾರದ ಕಡೆ ಹೋಗೋದು ಅದರ ಪಾಡು. ನಾವು ನಡುವೆ ನಾಲ್ಕು ದಿನ ಇಳಿದು ಎದ್ದು ಬಂದ್ವಿ. ಎದ್ದು ಬಂದಿದ್ದು ಯಾರದೋ ಕಣ್ಣು ನಮ್ಮ ಮೇಲಿತ್ತು ಅಂತ. ಆ ಕಣ್ಣನ್ನ ಕ್ರಾಪ್ ಮಾಡಿ ಹಾಕಿದ 14 ಸೆಕೆಂಡನ್ನ ಹನ್ನೊಂದು ಜನ ನಂಬಿದ್ರಿ. ನೀವು ಮೋಸ ಹೋದ್ರಿ ಅಂತ ನಾನು ನಗೋ ಹಾಗಿಲ್ಲ, ಮೋಸ ಮಾಡಿದ್ದು ನಾನು.

ಹಳೇ ರೀಲ್ ತೆಗೆದಿದ್ದೀನಿ. ಒಂದೂವರೆ ನಿಮಿಷದ ಪೂರ್ತಿ ವಿಡಿಯೊ ಇವತ್ತು ರಾತ್ರಿ ಹಾಕ್ತೀನಿ. ಮಗುಚಿದ್ದು, ಕಿರುಚಿದ್ದು, ವಾಂತಿ, ಎಲ್ಲಾ ಇದೆ. ನಗಬೇಕು ಅನ್ನಿಸಿದರೆ ನಗಿ. ಕೆಂಪು ದೋಣಿ ಬರೋ ಹೊತ್ತಿಗೆ ಮಾತ್ರ ಸರಿಯಾಗಿ ನೋಡಿ.

ಗ್ರೂಪಲ್ಲಿ ಹೊಸ ಪೋಲ್ ಹಾಕಿದ್ದೀನಿ: ‘ಜುಲೈ ಬೇಡ, ನವೆಂಬರ್, ನಾಲ್ಕು ದಿನದ ಕ್ಲಾಸ್, ಪೂರ್ತಿ ರೇಟು.’ ಅಲ್ಲೀವರೆಗೆ ದಿನಾ ಬೆಳಿಗ್ಗೆ ಆರಕ್ಕೆ ಈಜುಕೊಳ. ನನಗೂ ರೋಲ್ ಕಲಿಯೋದು ಬಾಕಿ ಇದೆ, ನಾನೂ ಬರ್ತೀನಿ.

ಶನಿವಾರಕ್ಕೆ ಮುಂಚೆ ಒತ್ತಿ.