ಚುಕ್ಕೆ ಚುಕ್ಕೆ ಟಿವಿ ಮತ್ತು ಅಜ್ಜಿಯ ಹಲ್ಲು

2007ರ ಸೆಪ್ಟೆಂಬರ್ 24. ಟಿ20 ವಿಶ್ವಕಪ್ ಫೈನಲ್‌ನ ಕೊನೇ ಓವರಿನಲ್ಲಿ ಮಿಸ್ಬಾ ಎತ್ತಿ ಹೊಡೆದ ಚೆಂಡು ನಿಮಗೆ ಕಂಡಿತ್ತಾ? ಕಿರಿಮಂಜೇಶ್ವರದ ನಮ್ಮನೆ ಟಿವಿಯಲ್ಲಂತೂ ಕಾಣಲಿಲ್ಲ. ಪರದೆ ತುಂಬ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆ, ಅದರಲ್ಲಿ ಚೆಂಡು ಯಾವುದು ಅಂತ ಹುಡುಕೋದು? ಶ್ರೀಶಾಂತ್ ಕ್ಯಾಚ್ ಹಿಡಿದದ್ದು ಗೊತ್ತಾಗಿದ್ದೇ ಉಳಿದವರೆಲ್ಲ ಕುಣೀತಾ ಓಡಿ ಬಂದಾಗ. ಅಪ್ಪಯ್ಯ ಅಂಗಳದಲ್ಲಿ ಆಂಟೆನಾ ಕಂಬ ಹಿಡಿದುಕೊಂಡು "ಬಂತಾ? ಈಗ ಬಂತಾ?" ಅಂತ ಇನ್ನೂ ಕೇಳ್ತಾನೇ ಇದ್ದರು ಪಾಪ. ಭಾರತ 5 ರನ್ನಿಂದ ಗೆದ್ದಾಗಿತ್ತು.

ಕಡಲ ಉಪ್ಪುಗಾಳಿಗೆ ಆಂಟೆನಾ ಕಡ್ಡಿಗಳು ಬೇಗ ಹಾಳಾಗ್ತಿದ್ದವು. ಜೊತೆಗೆ ಪ್ರತಿಯೊಬ್ಬನ ಪಕ್ಕದಲ್ಲೂ ಅವನದೇ ಮಸುಕು ನೆರಳು. ಇಂಜಿನಿಯರಿಂಗ್ ಓದುವಾಗ ಕಾರಣ ತಿಳೀತು: ನೇರ ಬಂದ ಸಿಗ್ನಲ್ಲಿನ ಹಿಂದೆಯೇ ಗುಡ್ಡಕ್ಕೋ ಮತ್ಯಾವುದಕ್ಕೋ ಬಡಿದು ತಿರುಗಿ ಬಂದದ್ದು ತಡವಾಗಿ ಸೇರುತ್ತೆ. 21 ಇಂಚಿನ ಟಿವಿಯಲ್ಲಿ ನೆರಳು ಒಂದು ಸೆಂಟಿಮೀಟರ್ ಆಚೆ ಬಿದ್ದರೆ, ಅದು ಹತ್ತಿರ ಹತ್ತಿರ 400 ಮೀಟರ್ ಹೆಚ್ಚು ಸುತ್ತಿ ಬಂದಿದೆ ಅಂತ ಲೆಕ್ಕ. ನಮ್ಮೂರಿನ ಗುಡ್ಡವೂ ಕ್ರಿಕೆಟ್ ನೋಡ್ತಿತ್ತು ಅನ್ನಿ.

ಹೋದ ವರ್ಷ ಮನೆಗೆ 55 ಇಂಚಿನ 4ಕೆ ಟಿವಿ ತಂದೆ. 83 ಲಕ್ಷ ಚುಕ್ಕೆ. ನಮ್ಮ ಹಳೇ ದೂರದರ್ಶನದ ಚಿತ್ರ ಲೆಕ್ಕ ಹಾಕಿದರೆ ನಾಲ್ಕು ಲಕ್ಷದ ಚಿಲ್ಲರೆ, ಅಂದರೆ ಸರಿಯಾಗಿ ಇಪ್ಪತ್ತನೇ ಒಂದು ಪಾಲು. ಆ ಹುರುಪಿನಲ್ಲೇ ಚಿಕ್ಕಪ್ಪನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಎಐ ತಂತ್ರಾಂಶವೊಂದರಿಂದ 4ಕೆ ಮಾಡಿದೆ. ರಾತ್ರಿಯಿಡೀ ಓಡಿತು.

ಅದರಲ್ಲಿ ನಾಲ್ಕೇ ಸೆಕೆಂಡು ನಮ್ಮಜ್ಜಿ ಇದ್ದಾರೆ. ಕ್ಯಾಮೆರಾ ಕಂಡು ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಳ್ತಾರೆ. ಅಜ್ಜಿ ಈಗಿಲ್ಲ, ಅವರು ಓಡಾಡಿದ ವಿಡಿಯೋ ಅಂತ ನಮ್ಮ ಹತ್ತಿರ ಇರೋದು ಅಷ್ಟೇ. ಹೊಸ ಟಿವಿಯಲ್ಲಿ ಹಾಕಿದೆ. ಎಲೆಯಡಿಕೆಗೆ ಕೆಂಪಾಗಿ, ಮುಂದಿನ ಎರಡು ಉದುರಿದ್ದ ಬಾಯಲ್ಲಿ ಸಾಲಾಗಿ ಬಿಳೀ ಹಲ್ಲು! ಕೆನ್ನೆ ಮೇಣದ ಹಾಗೆ ನುಣುಪು. ಅಪ್ಪಯ್ಯ ಒಂದು ನಿಮಿಷ ಸುಮ್ಮನಿದ್ದು, "ಇದ್ ಅಮ್ಮ ಅಲ್ಲ ಮರಾಯ" ಅಂದ್ರು.

ತಂತ್ರಾಂಶದ ತಪ್ಪು ಅಂತ ನಾನು ಹೇಳಲ್ಲ. ಟೇಪಿನಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು? ಯಾರದೋ ಸಾವಿರಾರು ಮುಖ ನೋಡಿ ಕಲಿತದ್ದನ್ನು ಹಚ್ಚುತ್ತೆ. ಮಸುಕು ಚಿತ್ರದಲ್ಲಿ ಖಾಲಿ ಜಾಗ ತುಂಬೋ ಕೆಲಸ ನಮ್ಮದಾಗಿತ್ತು, ಅಪ್ಪಯ್ಯ ಅಲ್ಲಿಗೆ ತಮ್ಮ ಅಮ್ಮನನ್ನೇ ತುಂಬ್ತಿದ್ದರು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಮನೆಯ ಹಳೇ ವಿಡಿಯೋಗಳನ್ನು ಡಿಜಿಟಲ್ ಮಾಡಿಡಿ, ಖಂಡಿತ ಮಾಡಿ, ಟೇಪಿಗೆ ಬೂಷ್ಟು ಹಿಡಿಯುತ್ತೆ. ಆದರೆ ಅವನ್ನು 'ಚಂದ' ಮಾಡೋಕೆ ಹೋಗಬೇಡಿ.

ಅಟ್ಟದಿಂದ ಹಳೇ ಟಿವಿ ಇಳಿಸಿ, ತಿದ್ದದ ಪ್ರತಿಯನ್ನೇ ಸಿಡಿಗೆ ಹಾಕಿ ಕೊಟ್ಟೆ. ಅಪ್ಪಯ್ಯ ಆ ನಾಲ್ಕು ಸೆಕೆಂಡನ್ನು ಆರು ಸಲ ನೋಡಿದರು.

ಅಂದ ಹಾಗೆ, ಬೈಂದೂರು ಕುಂದಾಪುರ ಕಡೆ ಪಿಕ್ಚರ್ ಟ್ಯೂಬ್ ಟಿವಿ ರಿಪೇರಿ ಮಾಡೋರು ಯಾರಾದ್ರೂ ಉಳಿದಿದ್ದರೆ ತಿಳಿಸಿ. ನಮ್ಮದು ಎಡಮೂಲೆಯಲ್ಲಿ ಹಸಿರಾಗ್ತಿದೆ.