ಕಳ್ಳನೆಂದು ಹಿಡಿಯುವ ಮೊದಲು ಬರೆಯಲು ಕಲಿಸಿ

ಗಿರಣಿ ಕಾರ್ಮಿಕನ ಮಗ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದರೆ ಸಾಕು, ಸಮಾನತೆ ಬಂದೇಬಿಟ್ಟಿತೆಂದು ಭಾಷಣ ಬಿಗಿಯುವ ಮಹನೀಯರಿದ್ದಾರೆ. ಹತ್ತಿದ ಮೇಲೆ ಅವನ ಗತಿ ಏನಾಯಿತೆಂದು ನೋಡುವ ಗೊಡವೆ ಅವರಿಗಿಲ್ಲ. ಶಾಲೆಯಲ್ಲಿ ಕನ್ನಡದಲ್ಲೇ ಓದಿದ ಹುಡುಗ ವಿಜ್ಞಾನವನ್ನು ಹಿಡಿದನೆಂದರೆ ಮಹಾಪ್ರಬಂಧವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಬರೆಯಬೇಕು. ವಾದವನ್ನು ಹೇಗೆ ಕಟ್ಟಬೇಕು, ಇನ್ನೊಬ್ಬರ ಮಾತನ್ನು ಎತ್ತಿಕೊಂಡರೆ ಆ ಋಣವನ್ನು ಹೇಗೆ ಒಪ್ಪಿಕೊಳ್ಳಬೇಕು, ಇದನ್ನೆಲ್ಲ ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಯಾರು?

ಶಿಕ್ಷೆ ಮಾತ್ರ ಸಿದ್ಧವಾಗಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇಕಡಾ 10 ದಾಟಿದರೆ ತಿದ್ದಿ ಮತ್ತೆ ಒಪ್ಪಿಸಬೇಕು. 40 ದಾಟಿದರೆ ಒಂದು ವರ್ಷ ಒಪ್ಪಿಸುವಂತೆಯೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಪ್ರತಿ ಸೆಮಿಸ್ಟರಿನಲ್ಲೂ ವಿದ್ಯಾರ್ಥಿಗಳಿಗೆ ಈ ಬಗ್ಗೆ ತಿಳಿವಳಿಕೆ ಕೊಡಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ಹಾರ ತುರಾಯಿಗಳ ಒಂದು ಸಭೆ, ಒಂದು ಉಪನ್ಯಾಸ, ಒಂದು ಚಹಾ! ಇಷ್ಟರಿಂದ ಬರೆಯಲು ಬಂದೀತೇ? ಗಿರಣಿಯ ನೇಯ್ಗೆ ಖಾತೆಯಲ್ಲಿ ಹೊಸಬನನ್ನು ಹಳೆಯ ಕೈಯ ಪಕ್ಕದಲ್ಲಿ ನಿಲ್ಲಿಸಿ ಪಳಗಿಸುತ್ತಾರೆ. ನೂಲು ಹರಿಯುವುದನ್ನೇ ಕಾದಿದ್ದು ದಂಡ ಹಾಕುವ ಜಾಬರನನ್ನು ನಮ್ಮ ಕಾರ್ಮಿಕರು ಏನೆಂದು ಕರೆಯುತ್ತಾರೋ ಇಲ್ಲಿ ಅಚ್ಚು ಹಾಕುವಂತಿಲ್ಲ.

ಕದ್ದವನ ಪರ ನಾವು ವಕಾಲತ್ತು ವಹಿಸುತ್ತಿಲ್ಲ. ಆದರೆ ಹಣವುಳ್ಳವನು ಕೂಲಿ ಕೊಟ್ಟು ಇಡೀ ಪ್ರಬಂಧವನ್ನು ಹೊಸದಾಗಿ ಬರೆಸಿದರೆ ಹೋಲಿಕೆ ಹುಡುಕುವ ಯಂತ್ರಕ್ಕೆ ಅದರಲ್ಲಿ ಏನು ಸಿಕ್ಕೀತು? ಸಿಕ್ಕಿಬೀಳುವವನು, ಅರ್ಧ ತಿಳಿದ ಇಂಗ್ಲಿಷಿಗೆ ಹೆದರಿ ಪುಸ್ತಕದ ಸಾಲನ್ನು ಹಾಗೆಯೇ ಇಳಿಸಿಕೊಂಡ ಬಡವ.

“ಇಲ್ಲಿಗೆ ಬಂದವನಿಗೆ ಬರೆಯಲು ಕಲಿಸುತ್ತ ಕೂತರೆ ಮಟ್ಟ ಕುಸಿಯುತ್ತದೆ” ಎನ್ನುತ್ತಾರೆ ಪಂಡಿತರು. ಇದು ಹಳೆಯ ರಾಗ. ಅಮೆರಿಕೆಯನ್ನು ಹೊಗಳುವ ಚಟ ನಮಗಿಲ್ಲ; ಆದರೂ ನ್ಯೂಯಾರ್ಕಿನ ಸಿಟಿ ಕಾಲೇಜಿನ ಕಥೆ ಹೇಳಲೇಬೇಕು. 1969ರಲ್ಲಿ ಅಲ್ಲಿಯ ಕಪ್ಪು ಜನಾಂಗದ ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. 1970ರಲ್ಲಿ ನಗರ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯಿತು; ನಗರದ ಪ್ರೌಢಶಾಲೆ ಮುಗಿಸಿದ ಪ್ರತಿಯೊಬ್ಬರಿಗೂ ಅದರ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಳ ಸಿಕ್ಕಿತು. ಮಟ್ಟ ಮುಳುಗಿತೆಂದು ದೊಡ್ಡವರು ಬೊಬ್ಬಿಟ್ಟರು. ಸಿಟಿ ಕಾಲೇಜಿನ ಅಧ್ಯಾಪಕಿ ಮಿನಾ ಶಾನೆಸಿ ಬೊಬ್ಬಿಡಲಿಲ್ಲ. ಸುಮಾರು 4,000 ವಿದ್ಯಾರ್ಥಿಗಳ ಬರಹಗಳನ್ನು ಮುಂದಿಟ್ಟುಕೊಂಡು ತಪ್ಪುಗಳನ್ನು ಓದಿದರು. ಇವು ದಡ್ಡತನದ ತಪ್ಪುಗಳಲ್ಲ, ಹೊಸದಾಗಿ ಕಲಿಯುವವನ ತಪ್ಪುಗಳು, ಅವಕ್ಕೂ ಒಂದು ತರ್ಕವಿದೆ, ಕಲಿಸಿದರೆ ಹೋಗುತ್ತವೆ ಎಂದು 1977ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಅಷ್ಟರಲ್ಲಿ ನಗರದ ಬೊಕ್ಕಸ ಬರಿದಾಗಿ, 1847ರಲ್ಲಿ ಉಚಿತ ಶಿಕ್ಷಣಕ್ಕೆಂದೇ ಹುಟ್ಟಿದ ಆ ಕಾಲೇಜಿನಲ್ಲಿ 1976ರಿಂದ ಶುಲ್ಕ ಹೇರಿದ್ದರು. ಬ್ಯಾಂಕುಗಳ ಸಾಲ ತೀರಿಸಲು ಬಡವರ ಪಾಠಕ್ಕೆ ಕತ್ತರಿ!

ಇಂದು ಶ್ರೀಮಂತರ ಹಾರ್ವರ್ಡಿನಲ್ಲೂ ಬರವಣಿಗೆ ಕೇಂದ್ರವಿದೆ. ಇಂಥ ಕೇಂದ್ರಕ್ಕೆ ವಿದ್ಯಾರ್ಥಿ ತನ್ನ ಕರಡನ್ನು ತರುತ್ತಾನೆ, ಬರವಣಿಗೆ ಬಲ್ಲವರೊಬ್ಬರು ಜೊತೆಗೆ ಕೂರುತ್ತಾರೆ. ಬರೆದುಕೊಡುವುದಿಲ್ಲ, ನೀನು ಹೇಳಹೊರಟಿದ್ದೇನು, ಇಲ್ಲಿ ಸಾಕ್ಷಿ ಎಲ್ಲಿ, ಈ ಮಾತು ಯಾರದು ಎಂದು ಕೇಳುತ್ತ ಅವನ ಕೈಯಿಂದಲೇ ತಿದ್ದಿಸುತ್ತಾರೆ. ಹಾರ್ವರ್ಡಿನ ಮಟ್ಟ ಇದರಿಂದ ಕುಸಿಯಿತೆಂದು ನಮ್ಮ ಪಂಡಿತರು ಬಾಯಿ ಬಿಟ್ಟದ್ದನ್ನು ನಾವು ಕೇಳಿಲ್ಲ.

ರಾಜ್ಯದ ಪ್ರತಿ ವಿಶ್ವವಿದ್ಯಾನಿಲಯದಲ್ಲೂ ಇಂಥ ಒಂದು ಕೋಣೆ ಬೇಕು. ದುಡಿದು ಓದುವವರಿಗಾಗಿ ಸಂಜೆಯೂ ತೆರೆದಿರಬೇಕು. ಕನ್ನಡದಲ್ಲಿ ಬರೆಯುವವನಿಗೂ ಇಂಗ್ಲಿಷಿನಲ್ಲಿ ಬರೆಯುವವನಿಗೂ ನೆರವಾಗಬೇಕು. ಅಲ್ಲಿ ಕೂರುವವರಿಗೆ ತಿಂಗಳ ಸಂಬಳವಿರಬೇಕು, ಗಂಟೆ ಲೆಕ್ಕದ ಕೂಲಿಯಲ್ಲ. ವಿದ್ಯಾರ್ಥಿಯಿಂದ ಒಂದು ರೂಪಾಯಿಯನ್ನೂ ಕೇಳಕೂಡದು. ಮಕ್ಕಳನ್ನು ಅಲ್ಲಿಗೆ ಕಳುಹಿಸಿರುವ ಕಾರ್ಮಿಕ ಬಂಧುಗಳೂ ಅಂಗಡಿಯವರೂ ಈ ಬೇಡಿಕೆಯನ್ನು ತಮ್ಮ ಸಹಿಯೊಡನೆ ಕುಲಪತಿಗಳಿಗೆ ಬರೆಯಲಿ. ಪತ್ರ ಕನ್ನಡದಲ್ಲೇ ಇರಲಿ; ಕಾಗುಣಿತ ತಪ್ಪಿದ್ದರೂ ಚಿಂತೆಯಿಲ್ಲ.