ಉಕ್ಕಿನ ಗುರಿ ಮತ್ತು ನಿಮ್ಮ ಕಣ್ಣು

ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುವುದು ನಿಮಗೆಲ್ಲ ಗೊತ್ತು. ಕಾಯಿಯಾದರೆ ಒಡೆಯುತ್ತದೆ, ಉಕ್ಕಿನ ಫಲಕ ಒಡೆಯುವುದಿಲ್ಲ, ತಗುಲಿದ ಗುಂಡೇ ಚೂರಾಗಿ ಸಿಡಿಯುತ್ತದೆ. ಆ ಚೂರು ಹಿಂದಕ್ಕೆ ಹಾರಿದರೆ ಮೊದಲ ಅಪಾಯ ಕಣ್ಣಿಗೆ.

ನಿಮ್ಮ ಮಗನೋ ಮಗಳೋ ಉಕ್ಕಿನ ಗುರಿಗೆ ಹೊಡೆಯಲು ಕಲಿಯುತ್ತಿದ್ದರೆ, ಎಷ್ಟು ಅಂಕ ಬಂತೆಂದು ಕೇಳುವ ಮೊದಲು ಫಲಕವನ್ನು ಹೇಗೆ ನಿಲ್ಲಿಸಿದ್ದಾರೆಂದು ನೋಡಿ. ಅದು ಗಡಸು ಉಕ್ಕಿನದಾಗಿರಬೇಕು. ಗುಳಿ ಬಿದ್ದದ್ದು ಬೇಡ. ಚೂರುಗಳು ನೆಲಕ್ಕೆ ಬೀಳುವಂತೆ ಮೇಲಂಚು ಹೊಡೆಯುವವರ ಕಡೆಗೆ ತುಸು ಬಾಗಿರಲಿ. ಪಿಸ್ತೂಲಿಗೆ 10 ಮೀಟರ್ ದೂರವಾದರೂ ಇರಲಿ. ರೈಫಲಿಗೆ ಅದು ಏನೇನೂ ಸಾಲದು. ಏರ್‌ಗನ್ನಿನ ಉಕ್ಕಿನ ಗುಂಡನ್ನಂತೂ ಉಕ್ಕಿಗೆ ಹೊಡೆಯಲೇಬಾರದು. ಅದು ಚೂರಾಗದೆ ಇಡಿಯಾಗಿ ಹಿಂದಿರುಗುತ್ತದೆ.

"ನೋಡುವವರಿಗೇಕೆ ಕನ್ನಡಕ?" ಎನ್ನುವವರುಂಟು. ಸಿಡಿದ ಚೂರಿಗೆ ಹೊಡೆಯುವವರು, ನೋಡುವವರು ಎಂಬ ಭೇದವಿಲ್ಲ. ಪಾಲಿಕಾರ್ಬೊನೇಟ್ ಕನ್ನಡಕ ಅಲ್ಲಿರುವ ಎಲ್ಲರಿಗೂ ಕಡ್ಡಾಯವಾಗಬೇಕೆಂಬುದೇ ನನ್ನ ಅಭಿಪ್ರಾಯ.

ಕಣ್ಣಿಗೆ ಚೂರು ಹೊಕ್ಕರೆ ಉಜ್ಜಬೇಡಿ, ಕೀಳಬೇಡಿ, ಮುಲಾಮು ಹಚ್ಚಬೇಡಿ. ಕಣ್ಣನ್ನು ಒತ್ತದಂತೆ ಕಾಗದದ ಲೋಟ ಮುಚ್ಚಿ, ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ಗುಂಡಿನ ಸೀಸದ ಪುಡಿ ಕೈಗೆ ಅಂಟಿರುತ್ತದೆ; ಸೋಪು ಹಚ್ಚಿ ತೊಳೆದ ಮೇಲೆಯೇ ಮಕ್ಕಳು ತಿಂಡಿ ಮುಟ್ಟಲಿ.

ಕನ್ನಡಕ ಕೇಳದ ಕಡೆಗೆ ಮಕ್ಕಳನ್ನು ಕಳುಹಿಸಲೇಬೇಡಿ.